ಟಿವಿ ಆನ್ ಇತ್ತು, ನೋಡಿದ್ದು ಯಾರು?

ಟಿವಿ ಜನರ ಮೇಲೆ ಏನು ಪರಿಣಾಮ ಬೀರುತ್ತೆ ಅಂತ ಅಳೆಯೋಕೆ ಹೊರಟವರು ಮೊದಲು ಕೇಳೋದು 'ದಿನಕ್ಕೆ ಎಷ್ಟು ಗಂಟೆ ನೋಡ್ತೀರ?' ಅಂತ. ಶಿಡ್ಲಘಟ್ಟದ ಕಡೆ ಕೇಳಿ ನೋಡಿ, 'ಎಲ್ಲಿ ಸಾರ್, ಪುರಸೊತ್ತೇ ಇಲ್ಲ' ಅಂತಾರೆ. ಒಳಗಡೆ ಧಾರಾವಾಹಿಯ ಟೈಟಲ್ ಹಾಡು ಕೇಳ್ತಿರುತ್ತೆ. ಸುಳ್ಳೇನಲ್ಲ. ಕೂತು ನೋಡಿದ್ದಷ್ಟೇ ಅವರಿಗೆ ನೋಡಿದ್ದು. ಅವರೆಕಾಳು ಹಿತುಕ್ತಾ ಕಿವಿಗೆ ಹಾಕ್ಕೊಂಡದ್ದು ಲೆಕ್ಕಕ್ಕಿಲ್ಲ.

1975–76ರ ಸೈಟ್ (SITE) ಅನ್ನೋ ಉಪಗ್ರಹ ಟಿವಿ ಪ್ರಯೋಗದಲ್ಲಿ ಈ ತಲೆನೋವು ಕಮ್ಮಿ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ, ಊರಿಗೊಂದು ಸೆಟ್ಟು. ಮುಂದೆ ಕೂತವರ ತಲೆ ಎಣಿಸಿದರಾಯ್ತು.

ಈಗ ಟಿವಿ ಮನೆಮನೆಯೊಳಗೆ; ಯಾವಾಗ ಏನು ನೋಡಿದ್ವಿ ಅಂತ ಮನೆಯವರೇ ಗುರುತು ಹಾಕೋ ದಿನಚರಿ ಹಾಳೆಯೇ ಗತಿ. ಸಂಜೆ 5ರಿಂದ ರಾತ್ರಿ 11ರವರೆಗೆ 15 ನಿಮಿಷಕ್ಕೊಂದು ಚೌಕ ಹಾಕಿ. ದಿನಕ್ಕೆ 24, ವಾರಕ್ಕೆ 168. ಮನೆಗೊಂದಲ್ಲ, ಆಳಿಗೊಂದು ಹಾಳೆ. ಗುರುತು ಮೂರೇ ಸಾಕು: ಕೂತು ನೋಡಿದ್ದಕ್ಕೆ 'ನೋ', ಕೆಲಸ ಮಾಡ್ತಾ ಕೇಳಿದ್ದಕ್ಕೆ 'ಕೇ', ಸುಮ್ನೆ ಓಡ್ತಿದ್ದದ್ದಕ್ಕೆ 'ಸು'. ಪಕ್ಕದಲ್ಲಿ ಚಾನೆಲ್ಲು, ರಿಮೋಟ್ ಯಾರ ಕೈಲಿತ್ತು ಅನ್ನೋದು. ರಿಮೋಟಿನ ಕಾಲಂ ಬಿಡಬೇಡಿ; ಸೊಸೆ ನೋಡಿದ್ದು ಅತ್ತೆ ಹಾಕಿದ್ದನ್ನ ಅಂತ ಗೊತ್ತಾಗೋದು ಅಲ್ಲೇ. ಹಾಳೆಯನ್ನ ದಿನಾ ಬೆಳಗ್ಗೆ ಹೋಗಿ ನೋಡಬೇಕು. ವಾರಕ್ಕೊಮ್ಮೆ ಹೋದರೆ ಏಳೂ ದಿನದ್ದು ಒಂದೇ ರಾತ್ರಿ ತುಂಬಿರುತ್ತೆ: ಒಂದೇ ಪೆನ್ನು, ಒಂದೇ ಓಟದ ಅಕ್ಷರ.

ಯಾವ ಚಾನೆಲ್ಲಿಗೆ ಎಷ್ಟು ಜನ ಅಂತ ಅಳೆಯೋಕೆ ಕೆಲವು ಮನೆಗಳಲ್ಲಿ ಇಡೋ ಟಿಆರ್‌ಪಿ ಮೀಟರಿನದೂ ಇದೇ ಕಷ್ಟ. ಚಾನೆಲ್ ಯಾವುದು ಅಂತ ಅದು ಶಬ್ದದಿಂದಲೇ ಹಿಡಿಯುತ್ತೆ. ಯಾರು ಕೂತಿದ್ದಾರೆ ಅನ್ನೋದು ಮನೆಯವರು ತಮ್ಮ ತಮ್ಮ ಬಟನ್ ಒತ್ತಿದರೆ ಮಾತ್ರ.

ಇನ್ನು ಯಾವ ವಾರ ಅನ್ನೋದು. ರೇಷ್ಮೆ ಸಾಕೋ ಮನೆಗಳಲ್ಲಿ ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಹಣ್ಣಾಗೋವರೆಗೆ, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋವರೆಗೆ, ಏಳೆಂಟು ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕ್ತಾನೇ ಇರಬೇಕು, ಆಮೇಲೆ ಗೂಡು ಕಟ್ಟೋ ತಟ್ಟೆಗೆ, ಅಂದ್ರೆ ಚಂದ್ರಿಕೆಗೆ, ಬಿಡೋ ಗಡಿಬಿಡಿ. ಆ ವಾರ ಚೌಕಗಳೆಲ್ಲ ಖಾಲಿ. ಅದನ್ನ ನೋಡಿ 'ಮೊಬೈಲ್ ಬಂತು, ಹಳ್ಳಿಯವರು ಟಿವಿ ಬಿಟ್ಟರು' ಅಂತ ಬರೆದರೆ ಕೆಟ್ಟಿತು ಅಧ್ಯಯನ. ಅದೇ ಮನೆಗೆ ಎರಡು ವಾರ ಹಾಳೆ ಕೊಡಿ: ಒಂದು ಹುಳು ಇದ್ದಾಗ, ಇನ್ನೊಂದು ಗೂಡು ಮಾರಿದ ಮೇಲೆ.

ಆಂಧ್ರ ಗಡಿಯ ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಮಕ್ಕಳ ಓದು ಕನ್ನಡದಲ್ಲಿ ಇರೋ ಮನೆಗಳು ಬೇಕಾದಷ್ಟು. ಬರೀ ಕನ್ನಡ ಚಾನೆಲ್‌ಗಳ ಪಟ್ಟಿ ಅಚ್ಚು ಹಾಕಿಸಿಕೊಂಡು ಹೋದರೆ ಅಜ್ಜಿ ನೋಡಿದ್ದು ಎಲ್ಲಿ ಬರೀಬೇಕು? ಆ ಜಾಗ ಖಾಲಿ ಬಿಡಿ, ಅವರೇ ಹೇಳಲಿ.

ಹೆಚ್ಚು ಟಿವಿ ನೋಡೋರಿಗೆ ಲೋಕವೇ ಭಯದ್ದು ಅನ್ನಿಸುತ್ತೆ ಅಂದವರು ಅಮೆರಿಕದ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್. ಕ್ರೈಂ ಕಾರ್ಯಕ್ರಮ ನೋಡೋ ಹೆಂಗಸರು ಕತ್ತಲಾದ ಮೇಲೆ ಹೊರಗೆ ಹೋಗಲ್ಲ ಅಂತ ನಿಮ್ಮ ಹಾಳೆಯೂ ಹೇಳಬಹುದು. ಆದರೆ ಹೊರಗೆ ಹೋಗೋಕಾಗದೆ ಮನೇಲಿ ಕೂತಿದ್ದಕ್ಕೇ ಟಿವಿ ಹಾಕ್ಕೊಂಡಿರಬಾರದ್ಯಾಕೆ? ಅದಕ್ಕೇ ಅದೇ ಹಾಳೆಯ ಹಿಂದುಗಡೆ ಇನ್ನೆರಡು ಪ್ರಶ್ನೆ ಹಾಕಿ: ಊರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ, ಬಸ್ ಇಳಿಯೋ ಜಾಗದಿಂದ ಮನೆವರೆಗೆ ಬೀದಿದೀಪ ಉರಿಯುತ್ತಾ?