ದೋಷವೂ ಇಲ್ಲ, ಉತ್ತರವೂ ಇಲ್ಲ: ಆರ್‌ಡಿಎಫ್‌ಲಿಬ್ ಕಲಿತ ಮೊದಲ ವಾರ

ಪುಸ್ತಕಗಳ ಸೂಚಿಯೊಂದನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಕಡತದಿಂದ ಲಿಂಕ್ಡ್ ಡೇಟಾ ರೂಪಕ್ಕೆ, ಅಂದರೆ ವೆಬ್ ವಿಳಾಸಗಳ ಮೂಲಕ ಒಂದಕ್ಕೊಂದು ಬೆಸೆದ ಮಾಹಿತಿಯ ರೂಪಕ್ಕೆ, ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಗೊತ್ತಿದ್ದ ಕಾರಣ, ಅದರಲ್ಲಿ ಇಂಥ ಮಾಹಿತಿಯನ್ನು ನಿಭಾಯಿಸುವ ಆರ್‌ಡಿಎಫ್‌ಲಿಬ್ ಎಂಬ ಓಪನ್ ಸೋರ್ಸ್ ಲೈಬ್ರರಿಯನ್ನು ಆರಿಸಿಕೊಂಡೆ. ಪೈಥಾನ್ ಪ್ಯಾಕೇಜ್‌ಗಳನ್ನು ತರುವ ಪಿಪ್ ಮೂಲಕ ಅದನ್ನು ಇನ್‌ಸ್ಟಾಲ್ ಮಾಡಲು ಒಂದೇ ಸಾಲು ಸಾಕು. ಖಾಲಿ ಗ್ರಾಫ್ ಒಂದನ್ನು (ಮಾಹಿತಿ ಸೇರುವ ಜಾಲವನ್ನು) ತೆರೆದು, ಯಾವ ವಸ್ತು, ಅದರ ಯಾವ ಗುಣ, ಆ ಗುಣದ ಬೆಲೆ ಏನು ಎಂಬ ಮೂರು ಭಾಗಗಳ ಟ್ರಿಪಲ್‌ಗಳನ್ನು ಸೇರಿಸುತ್ತ ಹೋದರೆ ಮುಗಿಯಿತು ಎಂದುಕೊಂಡಿದ್ದೆ.

ಅರ್ಧ ದಿನದಲ್ಲಿ ಇಡೀ ಸೂಚಿ ಗ್ರಾಫ್ ಸೇರಿತು. ಆದರೆ 1956ರಲ್ಲಿ ಪ್ರಕಟವಾದ ಪುಸ್ತಕಗಳನ್ನು ಕೇಳಿ, ಇಂಥ ಗ್ರಾಫ್‌ಗಳನ್ನು ಪ್ರಶ್ನಿಸುವ ಭಾಷೆಯಾದ ಸ್ಪಾರ್ಕಲ್‌ನಲ್ಲಿ ಪ್ರಶ್ನೆ ಬರೆದಾಗ ಒಂದು ಸಾಲೂ ಬರಲಿಲ್ಲ. ದೋಷದ ಸಂದೇಶವೂ ಇಲ್ಲ. ಪ್ರಶ್ನೆಯನ್ನೇ ಅನುಮಾನಿಸಿ ಅದನ್ನು ನಾಲ್ಕಾರು ಬಗೆಯಲ್ಲಿ ತಿದ್ದಿ ಬರೆದು ಒಂದು ಮಧ್ಯಾಹ್ನ ಕಳೆದೆ. ಕೊನೆಗೆ ಗ್ರಾಫನ್ನು ಟರ್ಟಲ್ ಎಂಬ, ಟ್ರಿಪಲ್‌ಗಳನ್ನು ಓದಬಲ್ಲ ಪಠ್ಯವಾಗಿ ಬರೆಯುವ ರೂಪದಲ್ಲಿ ಮುದ್ರಿಸಿ ನೋಡಿದರೆ, 1956 ಎಂಬುದು ಉದ್ಧರಣ ಚಿಹ್ನೆಗಳ ನಡುವೆ ಕುಳಿತಿತ್ತು. ಸಿಎಸ್‌ವಿ ಓದುವಾಗ ಎಲ್ಲವೂ ಅಕ್ಷರಗಳ ಸಾಲಾಗಿಯೇ ಬರುತ್ತದೆ. ಅದನ್ನು ಹಾಗೆಯೇ ಲಿಟರಲ್ (ಗ್ರಾಫ್‌ನಲ್ಲಿ ನೇರವಾಗಿ ಬರೆಯುವ ಬೆಲೆ) ಮಾಡಿದರೆ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಆಗುತ್ತದೆ, ಪೂರ್ಣಾಂಕಕ್ಕೆ ಬದಲಾಯಿಸಿ ಕೊಟ್ಟರೆ ಇಂಟಿಜರ್, ಅಂದರೆ ಸಂಖ್ಯೆ, ಆಗುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ ಇಸವಿ, ಆದರೆ ಗ್ರಾಫ್‌ಗೆ ಅವು ಬೇರೆ ಬೇರೆ ಬೆಲೆಗಳು. ಶೀರ್ಷಿಕೆಗಳದೂ ಇದೇ ಕಥೆ: ಕನ್ನಡ ಎಂದು ಸೂಚಿಸುವ ಭಾಷಾ ಗುರುತು ಹಚ್ಚಿದ ಶೀರ್ಷಿಕೆಯನ್ನು, ಆ ಗುರುತಿಲ್ಲದೆ ಪ್ರಶ್ನೆಯಲ್ಲಿ ಬರೆದರೆ ಹೊಂದಾಣಿಕೆಯೇ ಆಗುವುದಿಲ್ಲ.

ಅದೇ ಮುದ್ರಣದಲ್ಲಿ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ನೇಮ್‌ಸ್ಪೇಸ್ ವಿಳಾಸದ (ಗುಣಗಳ ಹೆಸರುಗಳ ಮುಂದೆ ಸೇರುವ ಸಾಮಾನ್ಯ ವೆಬ್ ವಿಳಾಸದ) ಕೊನೆಯಲ್ಲಿ ಓರೆಗೆರೆ (/) ಹಾಕಲು ಮರೆತಿದ್ದೆ. ಹೀಗಾಗಿ ವಿಳಾಸದ ಕೊನೆಯ ಪದಕ್ಕೆ ಗುಣದ ಹೆಸರು ಅಂಟಿಕೊಂಡು, ಜಗತ್ತಿನಲ್ಲಿ ಯಾರೂ ಬಳಸದ ಹೊಸ ಹೆಸರುಗಳು ಹುಟ್ಟಿದ್ದವು. ಲೈಬ್ರರಿಯ ದೃಷ್ಟಿಯಲ್ಲಿ ಅವೂ ಸರಿಯಾದ ಹೆಸರುಗಳೇ, ಹಾಗಾಗಿ ಅದು ತಕರಾರು ತೆಗೆಯಲಿಲ್ಲ. ಇದಕ್ಕೆ ಹೋಲಿಸಿದರೆ ಕೌಂಟ್, ಫಾರ್ಮ್ಯಾಟ್‌ನಂಥ ಗುಣದ ಹೆಸರುಗಳು ಎಷ್ಟೋ ವಾಸಿ: ಅವು ಪೈಥಾನ್‌ನದೇ ಮೆಥಡ್‌ಗಳ (ಅದರಲ್ಲಿ ಮೊದಲೇ ಇರುವ ಕ್ರಿಯೆಗಳ) ಹೆಸರುಗಳೊಂದಿಗೆ ಘರ್ಷಿಸಿ ಕೂಡಲೇ ದೋಷ ತೋರಿಸುತ್ತವೆ, ಚುಕ್ಕೆಯ ಬದಲು ಚೌಕ ಆವರಣದಲ್ಲಿ ಬರೆದರೆ ಸರಿಹೋಗುತ್ತವೆ.

ಹಳೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಒಂದು ಮಾತು. 2021ರಲ್ಲಿ ಬಂದ ಆರ್‌ಡಿಎಫ್‌ಲಿಬ್‌ನ 6.0 ಆವೃತ್ತಿಯಿಂದ, ಗ್ರಾಫನ್ನು ಸೀರಿಯಲೈಸ್ ಮಾಡಿದಾಗ (ಪಠ್ಯವಾಗಿ ಹೊರತೆಗೆದಾಗ) ಕಚ್ಚಾ ಬೈಟ್‌ಗಳ ಬದಲು ಸ್ಟ್ರಿಂಗ್ ಸಿಗುತ್ತದೆ, ಆದ್ದರಿಂದ ಆ ಪಾಠಗಳಲ್ಲಿರುವ ಬೈಟ್‌ಗಳನ್ನು ಅಕ್ಷರಗಳಾಗಿಸುವ ಡಿಕೋಡ್ ಎಂಬ ಹೆಜ್ಜೆಯನ್ನು ಕೈಬಿಡಬೇಕು. ಲಿಂಕ್ಡ್ ಡೇಟಾ ಬರೆಯುವ ಇನ್ನೊಂದು ರೂಪವಾದ ಜೇಸನ್-ಎಲ್‌ಡಿಗಾಗಿ ಬೇರೆ ಪ್ಯಾಕೇಜ್ ಕೂಡ ಈಗ ಬೇಕಿಲ್ಲ.

ಈಗ ಹೊಸ ಕಡತ ಬಂದಾಗ ಮೊದಲ ಐದು ಸಾಲುಗಳನ್ನಷ್ಟೇ ಗ್ರಾಫ್‌ಗೆ ಹಾಕಿ, ಟರ್ಟಲ್‌ನಲ್ಲಿ ಮುದ್ರಿಸಿ, ಉದ್ಧರಣ ಚಿಹ್ನೆ, ಭಾಷಾ ಗುರುತು, ಓರೆಗೆರೆಗಳನ್ನು ಬೆರಳಿಟ್ಟು ಓದುತ್ತೇನೆ. ಪ್ರಶ್ನೆ ಬರೆಯಲು ಕೂರುವುದು ಅದಾದ ಮೇಲೆಯೇ.