ದಪ್ಪ ಓತ, ದೊಡ್ಡ ಓತ

ಕಳೆದ ಶನಿವಾರ ತರಗತಿ ಮುಗಿದ ಮೇಲೆ, ವರ್ಷವಿಡೀ ಬಿಡಿಗಾಸು ಪಡೆಯದೆ ನಮಗೆ ಜಪಾನೀ ಭಾಷೆ ಕಲಿಸಿದ ಮೇಷ್ಟ್ರಿಗೆ ಒಂದು ಪತ್ರ ಕೊಟ್ಟೆ. ಲಕೋಟೆಯ ಮೇಲೆ ಅವರ ಮನೆತನದ ಹೆಸರಾದ ‘ಓತ’ವನ್ನು ಚೀನೀ ಮೂಲದ ಕಂಜಿ ಅಕ್ಷರಗಳಲ್ಲಿ ನಾನೇ ಬರೆದಿದ್ದೆ. ಅವರು ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು, ಒಂದು ಕ್ಷಣ ನೋಡಿ, ಜೇಬಿನಿಂದ ಪೆನ್ನು ತೆಗೆದು ಮೊದಲ ಅಕ್ಷರದ ಕೆಳಗೆ ಒಂದು ಚುಕ್ಕೆ ಇಟ್ಟರು. “ನಾನು ದಪ್ಪ ಓತ” ಎಂದರು. ಎಪ್ಪತ್ತು ದಾಟಿದ, ಬಿದಿರುಗಳುವಿನಂತಿರುವ ಮನುಷ್ಯ!

ಕೈಚಾಚಿ, ಕಾಲಗಲಿಸಿ ನಿಂತ ಮನುಷ್ಯನಂತಿರುವ ಅಕ್ಷರಕ್ಕೆ ‘ದೊಡ್ಡ’ ಎಂದರ್ಥ. ಅದರ ಕಾಲುಗಳ ನಡುವೆ ಚುಕ್ಕೆಯೊಂದು ಬಿದ್ದರೆ ಅದೇ ‘ದಪ್ಪ’ವಾಗುತ್ತದೆ. ಎರಡನೆಯ ಅಕ್ಷರ ದಪ್ಪ ಓತಕ್ಕೂ ದೊಡ್ಡ ಓತಕ್ಕೂ ಸಮಾನ: ಬದು ಹಾಕಿದ ನಾಲ್ಕು ಮಡಿಗಳಂತೆ ಕಾಣುವ ‘ಗದ್ದೆ’. ನಾನಿರುವುದು ಟೋಕಿಯೊದ ಓತ ವಾರ್ಡಿನಲ್ಲಿ. ವಿಳಾಸ ಬರೆದು ಬರೆದು ಪಳಗಿದ ಕೈ ಅಂದು ಮೇಷ್ಟ್ರ ಹೆಸರನ್ನೂ ಚುಕ್ಕೆಯಿಲ್ಲದ ‘ದೊಡ್ಡ’ ಓತವನ್ನಾಗಿ ಮಾಡಿಬಿಟ್ಟಿತ್ತು. ಆಫೀಸಿನ ಗೆಳೆಯನಿಗೆ ಹೇಳಿದರೆ “ಒಂದು ಚುಕ್ಕೆ ತಾನೆ, ಬಿಡು” ಎಂದು ನಕ್ಕ. ತನ್ನ ಹೆಸರಿನಲ್ಲಿ ಒಂದು ‘ಎಚ್’ ಬಿಟ್ಟುಹೋದರೆ ಮಾತ್ರ ಅರ್ಜಿಯನ್ನೇ ಹರಿದುಹಾಕುವ ಆಸಾಮಿ ಇವನು.

ಆ ಚುಕ್ಕೆಯ ಹಿಂದೆಯೇ ಇನ್ನೊಂದು ಪೆಟ್ಟೂ ಬಿತ್ತು. ನಾನಿರುವ ಜಾಗಕ್ಕೆ ದೊಡ್ಡಗದ್ದೆ ಎಂದೇ ಅರ್ಥವೆಂದು ಮಲೆನಾಡಿನಲ್ಲಿರುವ ಅಮ್ಮನಿಗೆ ಎಷ್ಟೋ ಸಲ ಜಂಬದಿಂದ ಹೇಳಿದ್ದೆ. ಅದನ್ನು ಮೇಷ್ಟ್ರ ಮುಂದೆಯೂ ಒಪ್ಪಿಸಿದೆ. ಅವರು ಅಲ್ಲವೆಂದು ತಲೆಯಾಡಿಸಿದರು. 1947ರಲ್ಲಿ ಓಮೊರಿ ಮತ್ತು ಕಮತ ಎಂಬ ಎರಡು ವಾರ್ಡುಗಳನ್ನು ಕೂಡಿಸಿದಾಗ, ಒಂದರ ಮೊದಲ ಅಕ್ಷರವನ್ನೂ ಇನ್ನೊಂದರ ಕೊನೆಯ ಅಕ್ಷರವನ್ನೂ ಕಿತ್ತು ಜೋಡಿಸಿದ ಹೆಸರಂತೆ ಇದು. ಓಮೊರಿ ಎಂದರೆ ದೊಡ್ಡ ತೋಪು; ಕಮತಕ್ಕೆ ಅಕ್ಷರಗಳ ಪ್ರಕಾರ ಜೊಂಡಿನ ಗದ್ದೆಯೆಂದರ್ಥ. ಅಂದಮೇಲೆ ದೊಡ್ಡತನ ತೋಪಿನದು, ಗದ್ದೆ ಜೊಂಡಿನದು; ಹನೇದಾ ವಿಮಾನ ನಿಲ್ದಾಣವಿರುವ ಈ ವಾರ್ಡಿನ ಹೆಸರಿನ ಹಿಂದೆ ದೊಡ್ಡಗದ್ದೆ ಎಂಬುದೊಂದು ಇರಲೇ ಇಲ್ಲ. 1457ರಲ್ಲಿ ಇದೇ ಟೋಕಿಯೊದಲ್ಲಿ ಎದೊ ಕೋಟೆಯನ್ನು ಕಟ್ಟಿಸಿದ ಓತ ದೋಕನ್‌ನ ಹೆಸರೇ ವಾರ್ಡಿಗೆ ಬಂದಿರಬಹುದೆಂದು ನಾನು ಕೊನೆಯ ಪ್ರಯತ್ನ ಮಾಡಿದೆ. “ಅವನೂ ದಪ್ಪ” ಎಂದು ಅದನ್ನೂ ಅಲ್ಲಿಗೇ ಮುಗಿಸಿದರು.

ಸುಬಾರು ಕಾರುಗಳ ಕಾರ್ಖಾನೆಯಿರುವ ಗುನ್ಮಾ ಪ್ರಾಂತದ ಓತ ನಗರಕ್ಕೂ ಚುಕ್ಕೆಯಿದೆ. ಶಿಮಾನೆ ಪ್ರಾಂತದಲ್ಲೊಂದು ನಗರವಿದೆ. ಅಲ್ಲಿನ ಇವಾಮಿ ಬೆಳ್ಳಿ ಗಣಿ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ನಗರದ ಹೆಸರನ್ನು ಬರೆಯುವುದು ನನ್ನ ವಾರ್ಡಿನ ಅಕ್ಷರಗಳಲ್ಲೇ ಆದರೂ ಓದುವುದು ‘ಓದ’ ಎಂದು. ಅದೇ ಹೆಸರನ್ನು ಹ್ರಸ್ವ ಮಾಡಿ ‘ಒದ’ ಎಂದರೆ ಸಣ್ಣ ಗದ್ದೆಯಾದೀತು, ಇಲ್ಲವೇ ಸೇನಾನಿ ನೊಬುನಾಗನ ಮನೆತನದಂತೆ ‘ನೇಯುವ ಗದ್ದೆ’ಯಾದೀತು. ಆ ಮನೆತನದ ಮೂಲವೆನ್ನುವ ಎಚಿಜೆನ್ ಸೀಮೆಯ ಊರನ್ನಂತೂ ಅದೇ ಅಕ್ಷರಗಳಲ್ಲಿ ಬರೆದು ‘ಒತ’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಸಾಮಾನ್ಯವಾಗಿ ಈ ಹ್ರಸ್ವ ದೀರ್ಘಗಳು ಕಲಸಿಹೋಗುತ್ತವೆ. ಒಂದನೇ ತರಗತಿಯಲ್ಲಿ ಬೆತ್ತದ ಭಯಕ್ಕೆ ಕಲಿತ ಒ ಮತ್ತು ಓ, ಗದ್ದೆಯ ಅಳತೆ ಹೇಳುವುದಕ್ಕೆ ಒದಗಿಬಂದಾವು ಎಂದು ನಾನು ಎಣಿಸಿರಲಿಲ್ಲ.

ಸಾಮಾನ್ಯ ಜನರೆಲ್ಲರೂ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು 1875ರಲ್ಲಿ ಇಲ್ಲಿನ ಸರ್ಕಾರ ಆಜ್ಞೆ ಹೊರಡಿಸಿತ್ತು. ಮೇಷ್ಟ್ರ ಹಿರಿಯರಿಗೆ ಆ ಚುಕ್ಕೆ ಅದಕ್ಕೂ ಮೊದಲೇ ಇತ್ತೋ, ಯಾವುದೋ ಕಚೇರಿಯ ಗುಮಾಸ್ತನ ಕುಂಚದಿಂದ ಬಂತೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ಲಕೋಟೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ನನ್ನ ಅಕ್ಷರಗಳು ತೆಳು ನೀಲಿ, ಅವರ ಚುಕ್ಕೆ ಕಡುಗಪ್ಪು.

ಭಾನುವಾರ ಅಮ್ಮನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ದೊಡ್ಡಗದ್ದೆ ಇಲ್ಲವಮ್ಮ, ಓಮೊರಿ ಮತ್ತು ಕಮತ ಸೇರಿ ಆದದ್ದು ಎಂದೆ. ಅವಳಿಗೆ ಕೇಳಿಸಿದ್ದು ಕೊನೆಯ ಪದವೊಂದೇ.

“ಕಮತ ಯಾರದ್ದಂತೆ?” ಎಂದಳು.