ಏಳನೇ ಸ್ಥಾನದಿಂದ ಕಪ್‌ವರೆಗೆ: 2016ರ ಎಎಫ್‌ಎಲ್ ಫೈನಲ್ಸ್ ಬಿಡಿಸಿ ನೋಡಿದರೆ

2016ರ ಮೇ 29ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 8 ರನ್‌ಗಳಿಂದ ಫೈನಲ್ ಸೋತದ್ದನ್ನು ಬೆಂಗಳೂರಿನವರಿಗೆ ಯಾರೂ ನೆನಪಿಸಬೇಕಿಲ್ಲ. ಲೀಗ್ ಹಂತದಲ್ಲಿ ಮೂರನೆಯದಾಗಿದ್ದ ಹೈದರಾಬಾದ್ ಎಲಿಮಿನೇಟರ್, ಎರಡನೇ ಕ್ವಾಲಿಫೈಯರ್, ಫೈನಲ್ ಮೂರನ್ನೂ ಗೆದ್ದು ಕಪ್ ಒಯ್ದಿತು. 2011ರಲ್ಲಿ ಪ್ಲೇಆಫ್ ಪದ್ಧತಿ ಬಂದ ಮೇಲೆ ಎಲಿಮಿನೇಟರ್ ದಾರಿಯಿಂದ ಬಂದ ತಂಡ ಗೆದ್ದದ್ದು ಅದೇ ಮೊದಲು. ಅದಾಗಿ ನಾಲ್ಕು ತಿಂಗಳಿಗೆ, ಅಕ್ಟೋಬರ್ 1ರಂದು, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 99,981 ಜನರ ಮುಂದೆ ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ತಂಡ ಇದಕ್ಕಿಂತ ಉದ್ದದ, ಇದಕ್ಕಿಂತ ಕಡಿದಾದ ದಾರಿ ಹತ್ತಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ಕಪ್ ಗೆದ್ದಿತು. ಅಂಕಪಟ್ಟಿಯಲ್ಲಿ ಅದರ ಸ್ಥಾನ ಏಳು.

ಇದನ್ನು ಪವಾಡ ಎನ್ನುವವರೇ ಹೆಚ್ಚು. ನನಗೆ ಆ ಮಾತು ಒಪ್ಪಿಗೆಯಿಲ್ಲ. ವೇಳಾಪಟ್ಟಿ, ಗಾಯಾಳುಗಳು ಮರಳಿದ ಹೊತ್ತು, ಆಟದ ರೀತಿ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೆಲುವಿನ ಕಾರಣಗಳು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಆಟ ಗೊತ್ತಿಲ್ಲದವರಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಮೈದಾನ ಕ್ರಿಕೆಟ್‌ನದ್ದೇ, ಅಂಡಾಕಾರ. ಒಂದು ಕಡೆಗೆ 18 ಜನ, ಬದಲಿ ಬೆಂಚಿನಲ್ಲಿ ಆ ವರ್ಷ ನಾಲ್ವರು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದು ಕಳಿಸಿದರೆ ಗೋಲ್, 6 ಅಂಕ. ಪಕ್ಕದ ಗಿಡ್ಡ ಕಂಬದ ಸಂದಿನಲ್ಲಿ ಹೋದರೆ ಬಿಹೈಂಡ್, 1 ಅಂಕ. ಸ್ಕೋರನ್ನು 13.11 (89) ಎಂದು ಬರೆಯುತ್ತಾರೆ: 13 ಗೋಲಿಗೆ 78, ಅದಕ್ಕೆ 11 ಬಿಹೈಂಡ್ ಸೇರಿ 89. ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕೊಡಬೇಕು, ಅದು ಹ್ಯಾಂಡ್‌ಬಾಲ್. 15 ಮೀಟರಾದರೂ ಸಾಗಿ ಬಂದ ಕಿಕ್ಕನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಹಿಡಿದವನು ನಿಂತು, ಉಸಿರೆಳೆದುಕೊಂಡು, ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ಮಾರ್ಕ್ ಕೊಡುವ ಈ ಬಿಡುವು ಮತ್ತು ಹ್ಯಾಂಡ್‌ಬಾಲ್ ಕೊಡುವ ವೇಗ, ಈ ಎರಡರ ನಡುವಿನ ಜಗ್ಗಾಟವೇ ಆ ವರ್ಷದ ಫೈನಲ್ಸ್.

ಇನ್ನು 2016ರಲ್ಲಿದ್ದ ಪದ್ಧತಿ. 18 ತಂಡಗಳಲ್ಲಿ ಮೊದಲ ಎಂಟಕ್ಕೆ ಫೈನಲ್ಸ್. ಮೊದಲ ವಾರ 1ಕ್ಕೆ 4, 2ಕ್ಕೆ 3 ಎದುರಾಳಿ. ಇವು ಕ್ವಾಲಿಫೈಯಿಂಗ್ ಫೈನಲ್. 5ಕ್ಕೆ 8, 6ಕ್ಕೆ 7. ಇವು ಎಲಿಮಿನೇಷನ್ ಫೈನಲ್. ಮೇಲಿನ ನಾಲ್ವರಲ್ಲಿ ಗೆದ್ದವರಿಗೆ ಒಂದು ವಾರ ರಜೆ, ನಂತರ ತವರಿನಲ್ಲಿ ಪ್ರಿಲಿಮಿನರಿ ಫೈನಲ್, ಅದನ್ನು ಗೆದ್ದರೆ ಕಪ್‌ಗಾಗಿ ಗ್ರ್ಯಾಂಡ್ ಫೈನಲ್. ಸೋತವರಿಗೆ ಇನ್ನೊಂದು ಅವಕಾಶ: ಎರಡನೇ ವಾರ ಎಲಿಮಿನೇಷನ್ ಗೆದ್ದವರ ಎದುರು ತವರಿನಲ್ಲಿ ಸೆಮಿಫೈನಲ್, ಗೆದ್ದರೆ ಪ್ರಿಲಿಮಿನರಿ. ಕೆಳಗಿನ ನಾಲ್ವರಿಗೆ ಎರಡನೇ ಅವಕಾಶವೇ ಇಲ್ಲ, ಸೋತ ದಿನವೇ ಮನೆ. ಅವರು ಕಪ್ ಗೆಲ್ಲಬೇಕಾದರೆ ನಾಲ್ಕಕ್ಕೆ ನಾಲ್ಕೂ ಗೆಲ್ಲಬೇಕು.

ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಷ್ಟೇ ಸಮ ಎಂದುಕೊಂಡು ಲೆಕ್ಕ ಹಾಕಿ. ಕೆಳಗಿನ ನಾಲ್ವರಲ್ಲಿ ಒಬ್ಬರಿಗೆ 16ರಲ್ಲಿ 1 ಪಾಲು, ಅಂದರೆ ಶೇ 6.25. ಮೇಲಿನ ನಾಲ್ವರಲ್ಲಿ ಒಬ್ಬರಿಗೆ 16ರಲ್ಲಿ 3, ಶೇ 18.75. ಇದೇ ಲೆಕ್ಕದಲ್ಲಿ ಐಪಿಎಲ್‌ನ ಮೊದಲಿಬ್ಬರಿಗೆ ತಲಾ ಶೇ 37.5, ಮೂರು ಮತ್ತು ನಾಲ್ಕನೆಯವರಿಗೆ ತಲಾ ಶೇ 12.5 ಬರುತ್ತದೆ. ಅಂದರೆ ಬುಲ್‌ಡಾಗ್ಸ್ ದಾರಿ ಹೈದರಾಬಾದ್ ದಾರಿಗಿಂತ ಎರಡು ಪಟ್ಟು ಕಷ್ಟ. ಬರೀ ನಾಣ್ಯದ ಆಟವಾಗಿದ್ದರೆ ಕೆಳಗಿನ ನಾಲ್ವರಿಗೆ ನಾಲ್ಕು ವರ್ಷಕ್ಕೊಮ್ಮೆಯಾದರೂ ಕಪ್ ಸಿಗಬೇಕಿತ್ತು. ಈ ಪದ್ಧತಿ ಶುರುವಾದ 2000ದಿಂದ 2015ರವರೆಗಿನ 16 ಋತುಗಳಲ್ಲಿ ಒಮ್ಮೆಯೂ ಸಿಗಲಿಲ್ಲ. ಮೇಲಿನ ತಂಡಗಳು ಬಲಿಷ್ಠ, ತವರು ಅವರದ್ದು, ವಿಶ್ರಾಂತಿಯೂ ಅವರದ್ದೇ. 1998ರಲ್ಲಿ ಅಡಿಲೇಡ್ ಐದನೇ ಸ್ಥಾನದಿಂದ ಗೆದ್ದಿತ್ತಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಅದು ಹಳೆಯ ಪದ್ಧತಿ. ಆ ವರ್ಷ ಅಡಿಲೇಡ್ ಮೊದಲ ಪಂದ್ಯವನ್ನು 48 ಅಂಕಗಳಿಂದ ಸೋತರೂ ಉಳಿದುಕೊಂಡಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗಾದರೆ 2016ರಲ್ಲಿ ಬದಲಾದದ್ದೇನು? ಮೊದಲನೆಯದಾಗಿ, ಕೊನೆಯ ಸುತ್ತಿಗೂ ಫೈನಲ್ಸ್‌ಗೂ ನಡುವೆ ಒಂದು ವಾರದ ವಿರಾಮ. ಹಿಂದಿನ ವರ್ಷ ಫ್ರೀಮ್ಯಾಂಟಲ್ ಮತ್ತು ನಾರ್ತ್ ಮೆಲ್ಬರ್ನ್ ತಂಡಗಳು ಕೊನೆಯ ಸುತ್ತಿನಲ್ಲಿ ಮುಖ್ಯ ಆಟಗಾರರನ್ನು ಸಾಲುಸಾಲಾಗಿ ಕೂರಿಸಿದ್ದವು. ಅದನ್ನು ತಡೆಯಲೆಂದು ಲೀಗ್ ಎಲ್ಲರಿಗೂ ಆ ವಾರ ರಜೆ ಕೊಟ್ಟಿತು. ಉದ್ದೇಶ ಸರಿಯೇ. ಆದರೆ ಪರಿಣಾಮ ಬೇರೆ ಕಡೆ ತಿರುಗಿತು.

ಆಗಸ್ಟ್ ಕೊನೆಯ ವಾರಾಂತ್ಯದಲ್ಲಿ ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಎದುರು ಸೋತಾಗ ಬುಲ್‌ಡಾಗ್ಸ್ ಸ್ಥಿತಿ ಚಿಂತಾಜನಕವಾಗಿತ್ತು. ನಾಯಕ ಬಾಬ್ ಮರ್ಫಿ ಮೂರನೇ ಸುತ್ತಿನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಬಿದ್ದಿದ್ದರು. ಜುಲೈನಲ್ಲಿ ಒಂದೇ ಪಂದ್ಯದಲ್ಲಿ ಮಿಚ್ ವಾಲಿಸ್ ಕಾಲು ಮುರಿಯಿತು, ಜ್ಯಾಕ್ ರೆಡ್‌ಪಾತ್ ಮೊಣಕಾಲು ಹೋಯಿತು. ಆ ವಿರಾಮದ ವಾರ ಕಳೆದು ಎಲಿಮಿನೇಷನ್ ಫೈನಲ್‌ಗೆ ತಂಡ ಪ್ರಕಟವಾದಾಗ ಟಾಮ್ ಲಿಬರಟೋರಿ, ಜ್ಯಾಕ್ ಮ್ಯಾಕ್ರೇ, ಹಂಗಾಮಿ ನಾಯಕ ಈಸ್ಟನ್ ವುಡ್, ಜಾರ್ಡನ್ ರಫ್‌ಹೆಡ್ ನಾಲ್ವರೂ ಒಟ್ಟಿಗೆ ಮರಳಿದ್ದರು. ಇಬ್ಬರು ಮಿಡ್‌ಫೀಲ್ಡರ್, ಒಬ್ಬ ಡಿಫೆಂಡರ್, ಒಬ್ಬ ರಕ್‌ಮನ್ (ಅಂಪೈರ್ ಮೇಲೆಸೆದ ಚೆಂಡಿಗೆ ಜಿಗಿಯುವ ಎತ್ತರದ ಆಟಗಾರ): ತಂಡದ ಬೆನ್ನೆಲುಬೇ ಮರಳಿ ಬಂದಂತಾಯಿತು.

ಸೆಪ್ಟೆಂಬರ್ 8, ಪರ್ತ್. ಬೆಂಗಳೂರಿನಿಂದ ದೆಹಲಿಗೆ ಹಾರುವುದಕ್ಕಿಂತ ಹೆಚ್ಚಿನ ದೂರ ಹಾರಿ ಹೋಗಿ, ಹಿಂದಿನ ವರ್ಷದ ರನ್ನರ್ ಅಪ್ ವೆಸ್ಟ್ ಕೋಸ್ಟ್ ತಂಡವನ್ನು ಅದರ ತವರಿನಲ್ಲೇ 99–52ರಿಂದ ಕೆಡವಿದರು. ವೆಸ್ಟ್ ಕೋಸ್ಟ್‌ಗೆ ಅದರ ಮುಖ್ಯ ರಕ್‌ಮನ್ ನಿಕ್ ನೈಟನೂಯಿ ಇರಲಿಲ್ಲ; ಮೊಣಕಾಲು ಕೈಕೊಟ್ಟಿತ್ತು. ಅದೊಂದು ಕಾರಣ ಹೌದು. ಆದರೆ 47 ಅಂಕಗಳ ಅಂತರಕ್ಕೆ ಅದೊಂದೇ ಸಾಲದು.

ಅದೇ ವಾರ ಉಳಿದ ಪಂದ್ಯಗಳು: ಜಿಲಾಂಗ್ 85, ಹಾಥಾರ್ನ್ 83, ಕೊನೆಯ ಸೈರನ್ ಮೊಳಗಿದ ಮೇಲೆ ಐಸಾಕ್ ಸ್ಮಿತ್ ಒದ್ದ ಚೆಂಡು ಗೋಲಿನ ಕಂಬಗಳ ಹೊರಗೆ ಹೋಯಿತು. ಮೊದಲ ಸ್ಥಾನದ ಸಿಡ್ನಿಯನ್ನು ಅದೇ ಊರಿನ ಹೊಸ ತಂಡ ಗ್ರೇಟರ್ ವೆಸ್ಟರ್ನ್ ಸಿಡ್ನಿ (ಜಿಡಬ್ಲ್ಯುಎಸ್) 36 ಅಂಕಗಳಿಂದ ಸೋಲಿಸಿತು. 2012ರಲ್ಲಷ್ಟೇ ಲೀಗಿಗೆ ಬಂದ ಆ ತಂಡಕ್ಕೆ ಅದು ಮೊದಲ ಫೈನಲ್ಸ್. ಅಡಿಲೇಡ್ ತಂಡ ನಾರ್ತ್ ಮೆಲ್ಬರ್ನ್ ತಂಡವನ್ನು ಸುಲಭವಾಗಿ ಮಣಿಸಿತು.

ಎರಡನೇ ವಾರ ಹಾಥಾರ್ನ್. ಮೂರು ವರ್ಷ ಸತತ ಕಪ್ ಗೆದ್ದು ನಾಲ್ಕನೆಯದಕ್ಕೆ ಹೊರಟಿದ್ದ ತಂಡ. ಅವರ ಆಟವೆಲ್ಲ ನಿಖರ ಕಿಕ್ ಮತ್ತು ಮಾರ್ಕ್: ಒದೆ, ಹಿಡಿ, ನಿಲ್ಲು, ನೋಡು, ಮತ್ತೆ ಒದೆ. ಈ ಆಟಕ್ಕೆ ಬೇಕಾದದ್ದು ಸಮಯ. ಒದೆಯುವವನಿಗೆ ಒಂದು ಸೆಕೆಂಡ್ ಕಡಿಮೆ ಸಿಕ್ಕರೂ ಚೆಂಡು ಎರಡು ಮೀಟರ್ ಆಚೀಚೆ ಬೀಳುತ್ತದೆ, ಮಾರ್ಕ್ ತಪ್ಪುತ್ತದೆ, ಚೆಂಡು ನೆಲಕ್ಕೆ ಬರುತ್ತದೆ. ನೆಲದ ಚೆಂಡು ಬುಲ್‌ಡಾಗ್ಸ್‌ಗೆ ಬೇಕಾದದ್ದೇ.

ಕೋಚ್ ಲ್ಯೂಕ್ ಬೆವರಿಜ್ ಕಟ್ಟಿದ ರೀತಿ ಹೀಗಿತ್ತು. ಚೆಂಡು ಬಿದ್ದಲ್ಲಿಗೆ ಹತ್ತಿರದ ಮೂರ್ನಾಲ್ಕು ಜನ ಒಟ್ಟಿಗೆ ನುಗ್ಗುವುದು. ಸಿಕ್ಕ ತಕ್ಷಣ ನೋಡುತ್ತಾ ನಿಲ್ಲದೆ ಪಕ್ಕದವನಿಗೆ ಹ್ಯಾಂಡ್‌ಬಾಲ್, ಅವನಿಂದ ಇನ್ನೊಬ್ಬನಿಗೆ, ಗುಂಪಿನ ಅಂಚಿಗೆ ಬಂದ ಮೇಲಷ್ಟೇ ಓಟ ಅಥವಾ ಕಿಕ್. ಸಂಜೆ ಆರರ ಮೆಜೆಸ್ಟಿಕ್‌ನಲ್ಲಿ ಕಿಕ್ಕಿರಿದ ಜನರ ನಡುವೆ ಕೈಯಿಂದ ಕೈಗೆ ಚೀಲ ದಾಟಿಸಿ ಬಸ್ ಹತ್ತಿಸುವ ಹಾಗೆ. 168 ಸೆಂ.ಮೀ. ಎತ್ತರದ, ಹೆಲ್ಮೆಟ್ ತೊಟ್ಟ ಕೇಲಬ್ ಡೇನಿಯಲ್ ಇಂಥ ಆಟಕ್ಕೆ ಹೇಳಿ ಮಾಡಿಸಿದವರು. ಎತ್ತರದವರ ಲೀಗಿನಲ್ಲಿ ಆಗ ಅವರೇ ಅತಿ ಗಿಡ್ಡ. ಈ ರೀತಿಯಲ್ಲಿ ಅಪಾಯವೂ ಉಂಟು. ಒಂದು ಹ್ಯಾಂಡ್‌ಬಾಲ್ ತಪ್ಪಿದರೆ ನಾಲ್ಕು ಜನ ಒಂದೇ ಕಡೆ ಸಿಕ್ಕಿಬಿದ್ದಿರುತ್ತಾರೆ, ಎದುರಾಳಿಗೆ ಖಾಲಿ ಮೈದಾನ ಸಿಗುತ್ತದೆ. ಟ್ಯಾಕಲ್‌ನಲ್ಲಿ ಸಿಕ್ಕವನು ಚೆಂಡನ್ನು ನಿಯಮದಂತೆ ಬಿಡದಿದ್ದರೆ ಫ್ರೀ ಕಿಕ್ಕೂ ಹೋಗುತ್ತದೆ. ಋತುವಿಡೀ ಬುಲ್‌ಡಾಗ್ಸ್ ಗಳಿಸಿದ ಅಂಕಗಳು ಮೊದಲ ಎಂಟು ತಂಡಗಳಲ್ಲೇ ಕಡಿಮೆ. ಅವರನ್ನು ಉಳಿಸಿದ್ದು ರಕ್ಷಣೆ. ಫೈನಲ್ಸ್‌ನಲ್ಲಿ ಮಾತ್ರ 99, 107, 89, 89: ಸರಾಸರಿ 96.

ಹಾಥಾರ್ನ್ 84, ಬುಲ್‌ಡಾಗ್ಸ್ 107. ಒಂದು ಯುಗ ಅಲ್ಲಿಗೆ ಮುಗಿಯಿತು. ಋತು ಮುಗಿದ ಮೇಲೆ ಹಾಥಾರ್ನ್‌ನ ಹಿರಿಯ ಆಟಗಾರರಾದ ಸ್ಯಾಮ್ ಮಿಚೆಲ್ ಮತ್ತು ಜಾರ್ಡನ್ ಲೂಯಿಸ್ ಇಬ್ಬರೂ ಬೇರೆ ಕ್ಲಬ್‌ಗಳಿಗೆ ಹೋದರು.

ಮೂರನೇ ವಾರ ಸೆಪ್ಟೆಂಬರ್ 24, ಸಿಡ್ನಿ ಒಲಿಂಪಿಕ್ ಪಾರ್ಕ್‌ನ ಪುಟ್ಟ ಮೈದಾನ, ಸುಮಾರು 22 ಸಾವಿರ ಜನ. ಈ ಸರಣಿಯ ಅತ್ಯುತ್ತಮ ಪಂದ್ಯ ಇದೇ, ನನ್ನ ಮಟ್ಟಿಗೆ ಆ ದಶಕದ್ದೂ ಇದೇ. ಬುಲ್‌ಡಾಗ್ಸ್ 1985, 1992, 1997, 1998, 2008, 2009, 2010, ಹೀಗೆ ಏಳು ಬಾರಿ ಪ್ರಿಲಿಮಿನರಿ ಫೈನಲ್‌ನಲ್ಲೇ ಸೋತಿತ್ತು. 1997ರಲ್ಲಿ ಅಂತರ ಎರಡೇ ಅಂಕ. ಈ ಸಲ ಜಿಡಬ್ಲ್ಯುಎಸ್ ಜಂಟಿ ನಾಯಕ ಕ್ಯಾಲನ್ ವಾರ್ಡ್ ತಲೆಗೆ ಪೆಟ್ಟಾಗಿ ಹೊರನಡೆದರು. ಬುಲ್‌ಡಾಗ್ಸ್‌ನ ಕ್ಲೇ ಸ್ಮಿತ್ ನಾಲ್ಕು ಗೋಲ್ ಹೊಡೆದರು. ಕೊನೆಯ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಿದ್ದ ತಂಡ ಒಂದೊಂದೇ ಗೋಲ್ ಸೇರಿಸಿ ಮೇಲೆ ಬಂತು. 13.11 (89) ವಿರುದ್ಧ 12.11 (83). ಒಂದೇ ಒಂದು ಗೋಲಿನ ಅಂತರ.

ಈಗ ಆ ವಿರಾಮದ ಇನ್ನೊಂದು ಮುಖ ನೋಡಿ. ಮೊದಲ ವಾರ ಗೆದ್ದ ಜಿಲಾಂಗ್ ಮತ್ತು ಜಿಡಬ್ಲ್ಯುಎಸ್‌ಗೆ ಫೈನಲ್ಸ್‌ಗೆ ಮೊದಲು ಒಂದು ರಜೆ, ಗೆದ್ದದ್ದಕ್ಕೆ ಇನ್ನೊಂದು ರಜೆ. ಆಗಸ್ಟ್ ಕೊನೆಯಿಂದ ಪ್ರಿಲಿಮಿನರಿವರೆಗಿನ ಸುಮಾರು ನಾಲ್ಕು ವಾರಗಳಲ್ಲಿ ಅವರು ಆಡಿದ್ದು ಒಂದೇ ಪಂದ್ಯ. ಎರಡೂ ತಂಡ ಸೋತವು. ಜಿಲಾಂಗ್ ಅಂತೂ ಸಿಡ್ನಿ ಎದುರು ಮೊದಲ ಕ್ವಾರ್ಟರ್‌ನಲ್ಲಿ ಒಂದೂ ಗೋಲ್ ಹೊಡೆಯದೆ ಏಳು ಗೋಲ್ ಬಿಟ್ಟುಕೊಟ್ಟಿತು. ಆಟದ ಲಯ ತಪ್ಪಿದ ತಂಡ ಹೇಗಿರುತ್ತದೆ ಎಂಬುದಕ್ಕೆ ಆ ಅರ್ಧ ಗಂಟೆ ಸಾಕು. ಗ್ರ್ಯಾಂಡ್ ಫೈನಲ್ ತಲುಪಿದ ಸಿಡ್ನಿ ಮತ್ತು ಬುಲ್‌ಡಾಗ್ಸ್ ಎರಡೂ ಮೂರು ವಾರ ಬಿಡದೆ ಆಡಿದ ತಂಡಗಳು. ಇದನ್ನು ನಿಯಮ ಎಂದು ಎಳೆಯುವುದು ತಪ್ಪಾಗುತ್ತದೆ, ಏಕೆಂದರೆ ಮರುವರ್ಷವೇ ಅಡಿಲೇಡ್ ಮತ್ತು ರಿಚ್ಮಂಡ್ ಅದೇ ಎರಡು ರಜೆ ಪಡೆದು ಎರಡೂ ಗೆದ್ದವು. ಆದರೆ 2016ರಲ್ಲಿ ಯಾವ ತಂಡಕ್ಕೂ ಈ ವಿರಾಮದ ಅನುಭವವಿರಲಿಲ್ಲ, ಹೇಗೆ ತಯಾರಾಗಬೇಕು ಎಂಬುದೂ ಹೊಸದು. ಗಾಯಾಳುಗಳಿಂದ ತುಂಬಿದ್ದ ಏಳನೇ ತಂಡಕ್ಕೆ ಅದರಿಂದ ಲಾಭ, ದಣಿವಿಲ್ಲದ ಎರಡನೇ ಸ್ಥಾನದ ಜಿಲಾಂಗ್‌ಗೆ ನಷ್ಟ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಗ್ರ್ಯಾಂಡ್ ಫೈನಲ್. ಅರ್ಧ ಆಟಕ್ಕೆ ಸಿಡ್ನಿ 45, ಬುಲ್‌ಡಾಗ್ಸ್ 43. ಮೂರನೇ ಕ್ವಾರ್ಟರ್ ಕೊನೆಗೆ ಬುಲ್‌ಡಾಗ್ಸ್ 61, ಸಿಡ್ನಿ 53. ಸಿಡ್ನಿಯ ಲ್ಯಾನ್ಸ್ ಫ್ರಾಂಕ್ಲಿನ್ ಮೊದಲ ಕ್ವಾರ್ಟರ್‌ನಲ್ಲೇ ಕಾಲಿನ ಗಂಟು ಉಳುಕಿಸಿಕೊಂಡಿದ್ದರು. ಕೊನೆಯ ಕ್ವಾರ್ಟರ್‌ನಲ್ಲಿ ಪಂದ್ಯ ಇನ್ನೂ ಯಾರದ್ದೂ ಆಗಿರಲಿಲ್ಲ. ಆಗ ಬುಲ್‌ಡಾಗ್ಸ್‌ನ ಡೇಲ್ ಮಾರಿಸ್ ಹಿಂದಿನಿಂದ ಬಂದು ಫ್ರಾಂಕ್ಲಿನ್‌ರನ್ನು ಹಿಡಿದು ಕೆಡವಿದರು. ಚೆಂಡು ಉದುರಿ ಅವರದೇ ತಂಡದ ಟಾಮ್ ಬಾಯ್ಡ್ ಕೈಗೆ ಬಂತು. ಅವರು ಚಿನ್ನಸ್ವಾಮಿಯ ಪಿಚ್ ಮಧ್ಯದಿಂದ ಬೌಂಡರಿ ಮುಟ್ಟುವಷ್ಟು ದೂರದಿಂದ ಒದ್ದರು. ಖಾಲಿ ಗೋಲಿನ ಮುಂದೆ ಚೆಂಡು ಪುಟಿದು ಒಳಗೆ ಹೋಯಿತು. ಮಾರಿಸ್ ಬೆನ್ನುಮೂಳೆ ಬಿರುಕು ಬಿಟ್ಟೇ ಆಡುತ್ತಿದ್ದರು ಎಂಬುದು ಆಮೇಲೆ ಹೊರಬಂತು. ಬಾಯ್ಡ್ ಮೂರು, ಲಿಯಾಮ್ ಪಿಕನ್ ಮೂರು ಗೋಲ್. 33 ಬಾರಿ ಚೆಂಡು ಮುಂದೆ ಸಾಗಿಸಿದ ಜೇಸನ್ ಜೊಹಾನಿಸನ್‌ಗೆ ಪಂದ್ಯಶ್ರೇಷ್ಠರಿಗೆ ಕೊಡುವ ನಾರ್ಮ್ ಸ್ಮಿತ್ ಪದಕ. ಅಂತಿಮ ಸ್ಕೋರ್ 13.11 (89), 10.7 (67). ಬುಲ್‌ಡಾಗ್ಸ್‌ಗೆ 1954ರ ನಂತರದ ಮೊದಲ ಕಪ್, ಒಟ್ಟಾರೆ ಎರಡನೆಯದು.

ಪಂದ್ಯದ ಫ್ರೀ ಕಿಕ್‌ಗಳು 20–8 ಬುಲ್‌ಡಾಗ್ಸ್ ಕಡೆಗೆ ಹೋದವು, ಸಿಡ್ನಿ ಅಭಿಮಾನಿಗಳ ಸಿಟ್ಟು ಇನ್ನೂ ಆರಿಲ್ಲ. ಆ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿದೆ. ಆದರೆ ಗೋಲಿನ ಕಡೆ ಅಂಕ ತಂದ ಹೊಡೆತಗಳನ್ನು ಎಣಿಸಿ: ಬುಲ್‌ಡಾಗ್ಸ್ 24, ಸಿಡ್ನಿ 17. ನೆಲದ ಚೆಂಡಿಗೆ ಮೊದಲು ತಲುಪುವವನಿಗೇ ಫ್ರೀ ಕಿಕ್ ಹೆಚ್ಚು ಸಿಗುವುದು ಈ ಆಟದ ಸ್ವಭಾವ. ಕೊನೆಯ ಕ್ವಾರ್ಟರ್‌ನಲ್ಲಿ ಬುಲ್‌ಡಾಗ್ಸ್ 28 ಅಂಕ ಗಳಿಸಿದರೆ ಸಿಡ್ನಿಗೆ ಬಂದದ್ದು 14.

ಪ್ರಶಸ್ತಿ ವೇದಿಕೆಯಲ್ಲಿ ಬೆವರಿಜ್ ತಮಗೆ ಸಿಕ್ಕ ಕೋಚ್ ಪದಕವನ್ನು ತೆಗೆದು, ಆಡಲಾಗದ ಮರ್ಫಿಯ ಕೊರಳಿಗೆ ಹಾಕಿದರು. ಈ ಕ್ಲಬ್ಬಿನ ಇತಿಹಾಸ ತಿಳಿದವರಿಗೆ ಅದರ ಭಾರ ಗೊತ್ತು: 1989ರಲ್ಲಿ ಸಾಲದ ಹೊರೆಯಿಂದ ಇನ್ನೊಂದು ಕ್ಲಬ್ಬಿನೊಂದಿಗೆ ವಿಲೀನವಾಗಿ ಹೋಗಬೇಕಿದ್ದ ಫುಟ್‌ಸ್ಕ್ರೇಯನ್ನು (ಬುಲ್‌ಡಾಗ್ಸ್‌ನ ಆಗಿನ ಹೆಸರು, ಪಶ್ಚಿಮ ಮೆಲ್ಬರ್ನ್‌ನ ಬಡಾವಣೆಯದ್ದು) ಅಲ್ಲಿನ ದುಡಿಯುವ ಜನ ಚಂದಾ ಎತ್ತಿ ಉಳಿಸಿಕೊಂಡಿದ್ದರು. ಇಂದು ಮೆಲ್ಬರ್ನ್‌ನ ಆ ಪಶ್ಚಿಮ ಭಾಗದ ಟಾರ್ನೀಟ್, ಪಾಯಿಂಟ್ ಕುಕ್ ಬಡಾವಣೆಗಳಲ್ಲಿ ಭಾರತದಿಂದ ಹೋದ ಕುಟುಂಬಗಳು ಸಾಕಷ್ಟಿವೆ. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ, ಮೊಮ್ಮಕ್ಕಳು ಇದೇ ಆಟ ಆಡುತ್ತಿದ್ದಾರೆ.

2016ರ ನಂತರ ಮೊದಲ ನಾಲ್ಕರ ಹೊರಗಿನಿಂದ ಬಂದು ಗೆದ್ದದ್ದು 2024ರ ಬ್ರಿಸ್ಬೇನ್, ಐದನೇ ಸ್ಥಾನದಿಂದ. 2019ರಲ್ಲಿ ಜಿಡಬ್ಲ್ಯುಎಸ್ ಆರನೇ ಸ್ಥಾನದಿಂದ, 2021ರಲ್ಲಿ ಇದೇ ಬುಲ್‌ಡಾಗ್ಸ್ ಐದರಿಂದ ಗ್ರ್ಯಾಂಡ್ ಫೈನಲ್ ತಲುಪಿ ಕ್ರಮವಾಗಿ 89 ಮತ್ತು 74 ಅಂಕಗಳಿಂದ ಸೋತವು. ನಾಲ್ಕನೇ ವಾರಕ್ಕೆ ಕಾಲು ಸೋಲುವುದು ಹೀಗೆ.

ಹಳೆಯ ಪಂದ್ಯ ನೋಡುವ ಮನಸ್ಸಿದ್ದರೆ ಗ್ರ್ಯಾಂಡ್ ಫೈನಲ್‌ಗಿಂತ ಮೊದಲು ಜಿಡಬ್ಲ್ಯುಎಸ್ ಪಂದ್ಯದ ಕೊನೆಯ ಕ್ವಾರ್ಟರ್ ನೋಡಿ. ಚೆಂಡಿನ ಮೇಲೆ ಕಣ್ಣಿಡದೆ, ಚೆಂಡು ಹಿಡಿದವನ ಸುತ್ತ ಐದು ಮೀಟರಿನಲ್ಲಿ ಬುಲ್‌ಡಾಗ್ಸ್ ಅಂಗಿಗಳು ಎಷ್ಟಿವೆ ಎಂದು ಎಣಿಸಿ. ಮುಂದಿನ ಸೆಪ್ಟೆಂಬರ್‌ನಲ್ಲಿ ನೇರಪ್ರಸಾರ ನೋಡುವುದಾದರೆ ಮೆಲ್ಬರ್ನ್ ಸಮಯದಿಂದ ನಾಲ್ಕೂವರೆ ಗಂಟೆ ಕಳೆಯಿರಿ: ಅಲ್ಲಿ ಮಧ್ಯಾಹ್ನ 2.30ಕ್ಕೆ ಶುರುವಾಗುವ ಗ್ರ್ಯಾಂಡ್ ಫೈನಲ್ ಇಲ್ಲಿ ಬೆಳಗ್ಗೆ 10ಕ್ಕೆ. ಪರ್ತ್‌ನಲ್ಲಿ ಪಂದ್ಯವಿದ್ದರೆ ಅಲ್ಲಿನ ಸಮಯದಿಂದ ಎರಡೂವರೆ ಗಂಟೆ ಕಳೆದರೆ ಸಾಕು.